ದಿನವಿಡೀ ಕೆಲಸ, ತಿಂಗಳ ಕೊನೆಗೆ ಕೈ ಖಾಲಿ: ಪ್ಲಂಬಿಂಗ್ ವ್ಯವಹಾರದಲ್ಲಿ ದುಡ್ಡು ಸೋರುವುದೆಲ್ಲಿ?

ಪ್ರಶ್ನೆ: ಹತ್ತು ವರ್ಷ ಬೇರೆಯವರ ಕೈಕೆಳಗೆ ಪ್ಲಂಬಿಂಗ್ ಮಾಡಿ, ಎರಡು ವರ್ಷದ ಹಿಂದೆ ಸ್ವಂತ ಶುರು ಮಾಡಿದೆ. ಜೊತೆಗೆ ಇಬ್ಬರು ಹುಡುಗರಿದ್ದಾರೆ. ನಲ್ಲಿ, ಪೈಪ್ ಲೈನ್, ಗೀಸರ್, ಬಾಯ್ಲರ್, ರೂಮು ಬೆಚ್ಚಗಿಡುವ ರೇಡಿಯೇಟರ್ ಎಲ್ಲ ಮಾಡುತ್ತೇವೆ. ಫೋನು ನಿಲ್ಲುವುದೇ ಇಲ್ಲ. ಆದರೂ ಅಂಗಡಿಯ ಬಾಕಿ, ಸಂಬಳ ಕೊಟ್ಟ ಮೇಲೆ ನನಗೆ ಏನೂ ಉಳಿಯುವುದಿಲ್ಲ. ಮಾಡಿದ ಕೆಲಸಕ್ಕೇ ಮತ್ತೆ ಕರೆಯುವವರೂ ಇದ್ದಾರೆ. ದಿನದ ಕೆಲಸವನ್ನು ಹೇಗೆ ಜೋಡಿಸಿಕೊಳ್ಳಬೇಕು? ರೇಟು ಏರಿಸಬೇಕೆ? ಇನ್ನೊಬ್ಬನನ್ನು ಸೇರಿಸಿಕೊಳ್ಳಬೇಕೆ?

ಉತ್ತರ: ನಿಮ್ಮ ಪ್ರಶ್ನೆಗಳು ಬೇರೆ ಬೇರೆ ಕಂಡರೂ ಬೇರು ಒಂದೇ. ನೀವು ದುಡಿಯುವ ಗಂಟೆಗೂ ಬಿಲ್ಲಿಗೆ ಸೇರುವ ಗಂಟೆಗೂ ನಡುವೆ ದೊಡ್ಡ ಅಂತರವಿದೆ. ಒಂದು ವಾಷರ್ ತರಲು ಅಂಗಡಿಗೆ ಹೋಗಿ ಬಂದದ್ದು, ಮನೆಯವರು ಇಲ್ಲದೆ ವಾಪಸ್ಸು ಬಂದದ್ದು, ಎಸ್ಟಿಮೇಟಿಗೆ ಅಲೆದದ್ದು, ಸೋರಿದ ಜಾಯಿಂಟನ್ನು ಎರಡನೇ ಸಲ ಸರಿ ಮಾಡಿದ್ದು, ಇವಕ್ಕೆ ಯಾರೂ ದುಡ್ಡು ಕೊಡುವುದಿಲ್ಲ. ಪೆಟ್ರೋಲು ಮತ್ತು ಹುಡುಗರ ಸಂಬಳ ಮಾತ್ರ ಅಷ್ಟೂ ಹೊತ್ತು ಓಡುತ್ತಲೇ ಇರುತ್ತವೆ. ಆದ್ದರಿಂದ ನಿಮ್ಮ ದಿನಚರಿಯ ಗುರಿ ಒಂದೇ ಇರಲಿ: ಹೋದ ಮೊದಲ ಸಲವೇ ಕೆಲಸ ಮುಗಿಯಬೇಕು, ಬಿಲ್ಲೂ ಅಲ್ಲೇ ಆಗಬೇಕು.

ಮೊದಲು ಅಳೆಯಿರಿ. ಎರಡು ವಾರ ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಪ್ರತಿ ಕೆಲಸಕ್ಕೆ ನಾಲ್ಕು ಸಮಯ ಬರೆಯಿರಿ: ಹೊರಟದ್ದು, ತಲುಪಿದ್ದು, ಮುಗಿದದ್ದು, ಮಧ್ಯೆ ಅಂಗಡಿಗೆ ಹೋಗಿದ್ದರೆ ಅದಕ್ಕೆ ಹಿಡಿದದ್ದು. ತಿಂಗಳಿಗೆ 25 ದಿನ, ದಿನಕ್ಕೆ 8 ಗಂಟೆ ಎಂದರೆ 200 ಗಂಟೆ. ಅದರಲ್ಲಿ ಬಿಲ್ಲಿಗೆ ಸೇರಿದ್ದು 120 ಗಂಟೆ ಎಂದುಕೊಳ್ಳಿ. ನಿಮ್ಮ ಸಂಬಳ, ಹುಡುಗರ ಸಂಬಳ, ಗಾಡಿ, ಉಪಕರಣ, ಫೋನು, ವಿಮೆ, ತೆರಿಗೆ ಎಲ್ಲ ಸೇರಿದ ತಿಂಗಳ ಖರ್ಚನ್ನು 200ರಿಂದ ಭಾಗಿಸಿ ಗಂಟೆಯ ರೇಟು ಇಟ್ಟರೆ, ವಸೂಲಾಗುವುದು ಖರ್ಚಿನ ನೂರರಲ್ಲಿ 60 ಪಾಲು ಮಾತ್ರ. ಉಳಿದ 40 ಪಾಲು ನಿಮ್ಮ ಜೇಬಿನಿಂದಲೇ ಹೋಗುತ್ತದೆ. ಭಾಗಿಸಬೇಕಾದದ್ದು 120ರಿಂದ, ಅದರ ಮೇಲೆ ಲಾಭ. ನಿಮ್ಮ ಸಂಬಳವನ್ನು ಖರ್ಚಿನ ಪಟ್ಟಿಯಲ್ಲೇ ಬರೆಯಿರಿ. ‘ಉಳಿದದ್ದು ನನಗೆ’ ಎಂದು ನಡೆಸಿದರೆ ಉಳಿಯುವುದು ಇಲ್ಲವೆಂದೇ ಲೆಕ್ಕ.

ಸಾಮಾನಿನ ಲೆಕ್ಕದಲ್ಲೂ ಇಂಥದ್ದೊಂದು ಗುಂಡಿ ಇದೆ. 80ಕ್ಕೆ ತಂದು 100ಕ್ಕೆ ಕೊಟ್ಟರೆ ಕೊಂಡ ಬೆಲೆಯ ಮೇಲೆ 25 ಪರ್ಸೆಂಟ್ ಇಟ್ಟ ಹಾಗೆ ಕಾಣುತ್ತದೆ, ಆದರೆ ಮಾರಿದ ಬೆಲೆಯಲ್ಲಿ ನಿಮ್ಮದು 20 ಮಾತ್ರ. ಕೊನೆಗೆ ಗಿರಾಕಿ ‘ಸ್ವಲ್ಪ ನೋಡಿಕೊಳ್ಳಿ’ ಅಂದಾಗ 10 ಪರ್ಸೆಂಟ್ ಬಿಟ್ಟರೆ, ಬಿಟ್ಟದ್ದು ಬಿಲ್ಲಿನ ಹತ್ತನೇ ಒಂದು ಭಾಗ, ಹೋದದ್ದು ಲಾಭದ ಅರ್ಧ. ಚೌಕಾಸಿ ಮಾಡಲೇಬೇಕೆಂದರೆ ಕೆಲಸದ ಅಳತೆಯಲ್ಲಿ ಕಡಿಮೆ ಮಾಡಿ: ಈ ಒಂದು ಪಾಯಿಂಟು ಬೇಡವೆನ್ನಿ, ಆಗ ಇಷ್ಟು ಇಳಿಯುತ್ತದೆ. ಏನನ್ನೂ ಕಡಿಮೆ ಮಾಡದೆ ರೇಟು ಮಾತ್ರ ಇಳಿಸಿದರೆ ಮೊದಲು ಹೇಳಿದ ರೇಟು ಸುಳ್ಳು ಎಂದು ನೀವೇ ಒಪ್ಪಿಕೊಂಡಂತಾಗುತ್ತದೆ.

ಫೋನಿನಲ್ಲೇ ಅರ್ಧ ಕೆಲಸ

‘ನೀರು ಬರ್ತಿಲ್ಲ, ಬೇಗ ಬನ್ನಿ’ ಎಂಬ ಕರೆಗೆ ‘ಸರಿ, ಬರ್ತೀನಿ’ ಎಂದು ಹೊರಟುಬಿಡುವುದು ಅತಿ ದುಬಾರಿ ಅಭ್ಯಾಸ. ಎರಡು ನಿಮಿಷ ಕೇಳಿ. ಒಂದೇ ನಲ್ಲಿಯೋ, ಎಲ್ಲ ನಲ್ಲಿಯೋ? ಬಿಸಿನೀರು ಮಾತ್ರವೋ, ತಣ್ಣೀರೂ ಹಾಗೆಯೋ? ಒಂದೇ ನಲ್ಲಿಯಾದರೆ ಬಹುಪಾಲು ಬಾಯಿಯ ಜಾಲರಿ ಕಟ್ಟಿರುತ್ತದೆ ಅಥವಾ ಆ ನಲ್ಲಿಯ ನೀರನ್ನು ಗೋಡೆಯ ಬಳಿ ತೆರೆದು ಮುಚ್ಚುವ ಆ್ಯಂಗಲ್ ಕಾಕ್ ಕೆಟ್ಟಿರುತ್ತದೆ. ಎಲ್ಲ ಕಡೆ ಬಿಸಿನೀರು ಮಾತ್ರ ಸಣ್ಣಗೆ ಬರುತ್ತಿದ್ದರೆ ಗೀಸರಿನ ಒಳಹರಿವಿನ ವಾಲ್ವು, ಅಂಟಿಕೊಂಡ ನಾನ್ ರಿಟರ್ನ್ ವಾಲ್ವು (ನೀರು ಹಿಂದಕ್ಕೆ ಹೋಗದಂತೆ ತಡೆಯುವುದು), ಸುಣ್ಣ ಕಟ್ಟಿದ ಪೈಪು ಅಥವಾ ಗಾಳಿ ಸಿಕ್ಕಿಕೊಂಡದ್ದು. ಎರಡೂ ಸಣ್ಣಗಿದ್ದರೆ ಟ್ಯಾಂಕಿನ ಕಡೆ ನೋಡಬೇಕು. ಕರೆ ಮುಗಿಯುವ ಮುನ್ನ ಗೀಸರಿನ ಲೇಬಲ್ಲಿನ ಫೋಟೋ, ಸೋರುವ ಜಾಗದ ಫೋಟೋ, ಅದರಿಂದ ಎರಡು ಹೆಜ್ಜೆ ಹಿಂದೆ ನಿಂತು ತೆಗೆದ ಇನ್ನೊಂದು ಫೋಟೋ ತರಿಸಿಕೊಳ್ಳಿ. ಹತ್ತಿರದ ಫೋಟೋದಲ್ಲಿ ಭಾಗ ತಿಳಿಯುತ್ತದೆ, ದೂರದ್ದರಲ್ಲಿ ಕೈ ಹೋಗಲು ಜಾಗ ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಮೇನ್ ವಾಲ್ವು ಎಲ್ಲಿದೆ, ಅದು ಪೂರ್ತಿ ಮುಚ್ಚುತ್ತದೆಯೇ, ಆ ಹೊತ್ತಿಗೆ ತೀರ್ಮಾನ ಹೇಳುವವರು ಮನೆಯಲ್ಲಿರುತ್ತಾರೆಯೇ ಎಂಬುದನ್ನೂ ಕೇಳಿ. ಕೊನೆಯದನ್ನು ಕೇಳಲು ಸಂಕೋಚಪಡುವವರೇ ಹೆಚ್ಚು. ಬಾಡಿಗೆಯವರು ಕರೆದು, ಮಾಲೀಕರು ಒಪ್ಪದೆ, ಬಂದ ದಾರಿಗೆ ಸುಂಕವಿಲ್ಲದೆ ಮರಳಿದರೆ ಒಂದೂವರೆ ಗಂಟೆ ಹೋದಂತೆ.

ಕೆಲವು ಕರೆಗಳು ಫೋನಿನಲ್ಲೇ ಮುಗಿಯಬೇಕು. ಬಳಸದ ಬಚ್ಚಲಿನಿಂದ ವಾಸನೆ ಬಂದರೆ ಟ್ರ್ಯಾಪಿನ (ಡ್ರೈನ್ ಬಾಯಿಯ ಕೆಳಗೆ ನೀರು ನಿಲ್ಲುವ ಬಾಗು) ನೀರು ಆರಿರುತ್ತದೆ. ವಾಸನೆ ತಡೆಯುವುದು ಅಲ್ಲಿ ನಿಂತಿರುವ ಸುಮಾರು 50 ಮಿ.ಮೀ. ನೀರು. ಎರಡು ಚೊಂಬು ನೀರು ಸುರಿಯಲು ಹೇಳಿ, ನಿಲ್ಲದಿದ್ದರೆ ಮಾತ್ರ ಹೋಗಿ. ಇಂಥ ಸಲಹೆಗೆ ದುಡ್ಡು ಬರದು, ಆದರೆ ಆ ಮನೆಯ ಮುಂದಿನ ದೊಡ್ಡ ಕೆಲಸ ನಿಮಗೇ ಬರುತ್ತದೆ.

ತುರ್ತು ಕರೆಗಳಿಗೆ ಒಂದು ಅಳತೆಗೋಲು ಸಾಕು: ನೀರನ್ನು ಮನೆಯವರೇ ನಿಲ್ಲಿಸಬಲ್ಲರೇ? ಗೀಸರ್ ಸೋರುತ್ತಿದ್ದರೆ ಮೊದಲು ಕರೆಂಟು ಆಫ್ ಮಾಡಿಸಿ, ಆಮೇಲೆ ಅದರ ತಣ್ಣೀರಿನ ವಾಲ್ವು ಮುಚ್ಚಿಸಿ. ಈ ಕ್ರಮ ತಪ್ಪಬಾರದು. ವಾಲ್ವು ಮುಚ್ಚಿ ಸೋರಿಕೆ ನಿಂತರೆ ಆ ಕೆಲಸ ತುರ್ತಿನ ಪಟ್ಟಿಯಿಂದ ನಾಳೆಯ ಪಟ್ಟಿಗೆ ಇಳಿಯಿತು. ನಿಲ್ಲದಿದ್ದರೆ ಹೊರಡಿ.

ದಿನದ ಜೋಡಣೆ

ನೀರು ನಿಲ್ಲಿಸಿ ಮಾಡುವ ಕೆಲಸಗಳೆಲ್ಲ ಬೆಳಿಗ್ಗೆ ಇರಲಿ. ಸಿಪಿವಿಸಿ (ಬಿಸಿನೀರಿಗೂ ತಾಳುವ ಪ್ಲಾಸ್ಟಿಕ್ ಪೈಪು) ಜಾಯಿಂಟಿನ ಸಲ್ಯೂಷನ್, ಅಂದರೆ ಅಂಟು, ಗಟ್ಟಿಯಾಗಲು ಹೊತ್ತು ಬೇಕು, ಟ್ಯಾಂಕು ತುಂಬಲು ಹೊತ್ತು ಬೇಕು, ನಡುವೆ ಏನಾದರೂ ಮುರಿದರೆ ಅಂಗಡಿ ತೆರೆದಿರಬೇಕು. ಸಂಜೆ ನಾಲ್ಕಕ್ಕೆ ಹಳೆಯ ಗೇಟ್ ವಾಲ್ವು ಬಿಚ್ಚಿದವನು ರಾತ್ರಿ ಆ ಮನೆಗೆ ನೀರು ಕೊಡಲಾಗದೆ ನಿಲ್ಲುತ್ತಾನೆ. ಮಧ್ಯಾಹ್ನದ ಮೇಲೆ ನಲ್ಲಿ, ಫ್ಲಶ್, ಸಿಂಕ್ ರಿಪೇರಿಗಳು, ಕೊನೆಗೆ ಮನೆಗೆ ಮರಳುವ ದಾರಿಯಲ್ಲಿ ಎಸ್ಟಿಮೇಟ್ ನೋಡುವುದು. ನಡುವೆ ಎರಡು ಗಂಟೆ ಖಾಲಿ ಬಿಡಿ. ತುರ್ತು ಬಂದರೆ ಅದಕ್ಕೆ, ಬರದಿದ್ದರೆ ಬಾಕಿ ಉಳಿದ ಸಣ್ಣ ಕೆಲಸಕ್ಕೆ. ಗಿರಾಕಿಗೆ ‘10ಕ್ಕೆ ಬರ್ತೀನಿ’ ಅನ್ನಬೇಡಿ, ‘10ರಿಂದ 12ರ ಒಳಗೆ, ಹೊರಡುವಾಗ ಫೋನ್ ಮಾಡ್ತೀನಿ’ ಅನ್ನಿ, ಮರೆಯದೆ ಫೋನ್ ಮಾಡಿ.

ಗಾಡಿಯಲ್ಲಿ ಏನಿರಬೇಕು ಎಂಬುದಕ್ಕೆ ಸುಲಭ ನಿಯಮವಿದೆ. ಒಂದು ತಿಂಗಳಲ್ಲಿ ಯಾವ ಸಾಮಾನಿಗೆ ಎರಡು ಸಲ ಅಂಗಡಿಗೆ ಓಡಿದಿರೋ ಅದು ಗಾಡಿಗೆ ಸೇರಬೇಕು. ಮೂರು ತಿಂಗಳು ಅಲ್ಲಾಡದ್ದು ಇಳಿಯಬೇಕು. ಶುರುವಿಗೆ ಇಷ್ಟು ಸಾಕು: ಅರ್ಧ ಇಂಚಿನ ಆ್ಯಂಗಲ್ ಕಾಕ್ 4, ಕನೆಕ್ಷನ್ ಪೈಪು 18 ಇಂಚಿನದು 4, 24 ಇಂಚಿನದು 4, ಮಿಕ್ಸರಿನ ಕಾರ್ಟ್ರಿಡ್ಜ್ 35 ಮತ್ತು 40 ಮಿ.ಮೀ. ತಲಾ 2, ಟೆಫ್ಲಾನ್ ಟೇಪು 10, ಅರ್ಧ ಮತ್ತು ಮುಕ್ಕಾಲು ಇಂಚಿನ ಬಾಲ್ ವಾಲ್ವು ತಲಾ 2, ಟ್ಯಾಂಕಿನ ಫ್ಲೋಟ್ ವಾಲ್ವು ತಲಾ 1, ನಾನ್ ರಿಟರ್ನ್ ವಾಲ್ವು ತಲಾ 1, ಹಿತ್ತಾಳೆ ಥ್ರೆಡ್ಡಿನ ಎಲ್ಬೋ 6, ಯೂನಿಯನ್ 4, ಎಂಡ್ ಪ್ಲಗ್ 6, ಬಾಟಲ್ ಟ್ರ್ಯಾಪ್ 1, ಫ್ಲಶ್ ಟ್ಯಾಂಕಿನ ಒಳಸೆಟ್ 1, ಗೀಸರಿನ ಸೇಫ್ಟಿ ವಾಲ್ವು 2, ಥರ್ಮೋಸ್ಟ್ಯಾಟ್ 2, ನಿಮ್ಮ ಭಾಗದಲ್ಲಿ ಹೆಚ್ಚು ಬರುವ ಎರಡು ಮಾದರಿಗಳ ಎಲಿಮೆಂಟು (ನೀರು ಕಾಯಿಸುವ ಭಾಗ) ಗ್ಯಾಸ್ಕೆಟ್ ಸಮೇತ. ಗ್ಯಾಸ್ಕೆಟ್ ಇಲ್ಲದ ಎಲಿಮೆಂಟು ಇದ್ದೂ ಇಲ್ಲದಂತೆ. ಹಳೆಯ ಗ್ಯಾಸ್ಕೆಟ್ಟನ್ನೇ ಮತ್ತೆ ಕೂರಿಸಿದರೆ ಬಿಸಿಯಾಗಿ ತಣ್ಣಗಾದಾಗ ಅಲ್ಲೇ ಜಿನುಗುತ್ತದೆ. ಪಟ್ಟಿಯನ್ನು ಗಾಡಿಯ ಬಾಗಿಲಿನ ಒಳಗೆ ಅಂಟಿಸಿ. ಪ್ರತಿ ಸಂಜೆ ಒಬ್ಬ ಹುಡುಗನ ಕೈಯಲ್ಲಿ 15 ನಿಮಿಷ ಎಣಿಸಿ ತುಂಬಿಸಿ. ಬಳಸಿದ್ದು ಬಿಲ್ಲಿಗೆ ಏರಿದೆಯೇ ಎಂಬ ತಾಳೆಯೂ ಆಗಲೇ ಆಗುತ್ತದೆ. ಟೇಪು, ಕ್ಲಾಂಪು, ಸ್ಕ್ರೂ ಬಿಲ್ಲಿಗೆ ಬರೆಯದೆ ಹೋಗುವುದು ತಿಂಗಳಿಗೆ ಸಣ್ಣ ಮೊತ್ತವಲ್ಲ. ಇವಕ್ಕೆಲ್ಲ ಸೇರಿಸಿ ‘ಸಣ್ಣ ಸಾಮಾನು’ ಎಂದು ಒಂದು ಸಾಲು ಪ್ರತಿ ಬಿಲ್ಲಿನಲ್ಲೂ ಇಡಿ.

ಮತ್ತೆ ಕರೆಸುವ ಜಾಯಿಂಟುಗಳು

ವಾಪಸ್ಸು ಬರುವ ಕರೆಗಳಲ್ಲಿ ಕೆಲವು ತಪ್ಪುಗಳು ಸುತ್ತಿ ಸುತ್ತಿ ಬರುತ್ತವೆ. ಮೊದಲನೆಯದು ಥ್ರೆಡ್ಡು. ಹಿತ್ತಾಳೆ ನಿಪ್ಪಲ್ಲನ್ನು ಪೂರ್ತಿ ಪ್ಲಾಸ್ಟಿಕ್ ಥ್ರೆಡ್ಡಿನ ಎಲ್ಬೋ ಒಳಗೆ ಟೇಪು ಜಾಸ್ತಿ ಸುತ್ತಿ ಬಿಗಿದರೆ ಎಲ್ಬೋ ಆ ದಿನ ಸೋರುವುದಿಲ್ಲ. ಅದರ ಹೊಟ್ಟೆ ಒಳಗಿನಿಂದ ಹಿಗ್ಗಿರುತ್ತದೆ. ಬಿಸಿನೀರು ಹರಿದು ಹರಿದು ಕೆಲವು ವಾರಗಳಲ್ಲಿ ಕೂದಲೆಳೆಯ ಬಿರುಕು ಬಿಡುತ್ತದೆ, ಅದೂ ಟೈಲ್ಸ್ ಹಾಕಿದ ಮೇಲೆ. ಲೋಹ ಒಳಗೆ ಹೋಗುವ ಕಡೆ ಹಿತ್ತಾಳೆ ಥ್ರೆಡ್ ಕೂರಿಸಿದ ಫಿಟ್ಟಿಂಗನ್ನೇ ಬಳಸಿ. ಪ್ಲಾಸ್ಟಿಕ್ಕಿನ ಹೊರ ಥ್ರೆಡ್ಡು ಲೋಹದ ಒಳಗೆ ಹೋಗುವುದಕ್ಕೆ ಅಡ್ಡಿಯಿಲ್ಲ. ಟೇಪನ್ನು ಪೈಪಿನ ಬಾಯಿ ನಿಮ್ಮ ಕಡೆ ಇರುವಂತೆ ಹಿಡಿದು ಗಡಿಯಾರದ ಮುಳ್ಳಿನ ದಿಕ್ಕಿಗೆ ಸುತ್ತಬೇಕು. ತಿರುಗಾಮುರುಗಾ ಸುತ್ತಿದರೆ ಬಿಗಿಯುವಾಗ ಟೇಪು ಬಿಚ್ಚಿಕೊಂಡು ಹೊರಗೆ ಬರುತ್ತದೆ. ಬಿಗಿದ ಮೇಲೆ ಮುಖ ನೇರ ಮಾಡಲು ಒಂದಿಷ್ಟು ಹಿಂದಕ್ಕೆ ತಿರುಗಿಸಿದ ಜಾಯಿಂಟನ್ನು ನಂಬಬೇಡಿ, ಬಿಚ್ಚಿ ಹೊಸ ಟೇಪು ಸುತ್ತಿ.

ಎರಡನೆಯದು ಸಲ್ಯೂಷನ್ ಹಚ್ಚದೇ ಉಳಿದ ಜಾಯಿಂಟು. ಅಳತೆಗಾಗಿ ಸಲ್ಯೂಷನ್ ಇಲ್ಲದೆ ಜೋಡಿಸಿ ನೋಡಿ, ಒಂದನ್ನು ಹಾಗೆಯೇ ಮರೆತುಬಿಡುವುದು. ಸಿಪಿವಿಸಿ ಫಿಟ್ಟಿಂಗು ಸಲ್ಯೂಷನ್ ಇಲ್ಲದಿದ್ದಾಗಲೂ ಬಿಗಿಯಾಗಿ ಕೂರುತ್ತದೆ, ಕಡಿಮೆ ಒತ್ತಡದಲ್ಲಿ ಒಂದೆರಡು ದಿನ ನೀರನ್ನೂ ಹಿಡಿದೀತು. ಇದಕ್ಕೆ ಮದ್ದು ಒಂದು ಮಾರ್ಕರ್ ಪೆನ್ನು. ಪೈಪು ಎಷ್ಟು ಆಳ ಹೋಗಬೇಕೆಂದು ಮೊದಲೇ ಗೆರೆ, ಸಲ್ಯೂಷನ್ ಹಚ್ಚಿ ಕೂರಿಸಿದ ತಕ್ಷಣ ಫಿಟ್ಟಿಂಗಿನ ಮೇಲೆ ಮಾಡಿದವನ ಗುರುತು. ಗುರುತಿಲ್ಲದ ಜಾಯಿಂಟು ಕಂಡರೆ ಗೋಡೆ ಮುಚ್ಚಬಾರದು. ಪೈಪಿನ ಅಂಚಿನ ಸಿಬಿರು ತೆಗೆದು, ಕಾಲು ಸುತ್ತು ತಿರುಗಿಸುತ್ತ ತಳದವರೆಗೆ ತಳ್ಳಿ, ಅರ್ಧ ನಿಮಿಷ ಹಿಡಿದಿರಬೇಕು. ಬಿಟ್ಟರೆ ಪೈಪು ತಾನಾಗಿ ಸ್ವಲ್ಪ ಹೊರಗೆ ಜಾರುತ್ತದೆ. ತಣ್ಣೀರಿನ ಯುಪಿವಿಸಿ ಪೈಪಿನ ಸಲ್ಯೂಷನ್ನನ್ನು ಸಿಪಿವಿಸಿಗೆ ಹಚ್ಚಬಾರದು. ಡಬ್ಬಿಯಲ್ಲಿ ಗಟ್ಟಿಯಾದ ಸಲ್ಯೂಷನ್ನನ್ನು ತೆಳು ಮಾಡಿ ಬಳಸಬಾರದು, ಎಸೆಯಬೇಕು.

ಪಿಪಿಆರ್ (ಬಿಸಿ ಮಾಡಿ ಕರಗಿಸಿ ಜೋಡಿಸುವ ಪ್ಲಾಸ್ಟಿಕ್ ಪೈಪು) ವೆಲ್ಡಿಂಗಿನಲ್ಲಿ ಉಲ್ಟಾ ತಪ್ಪು: ಹೆಚ್ಚು ಆಳ, ಹೆಚ್ಚು ಹೊತ್ತು. ಮೆಷಿನ್ 260 ಡಿಗ್ರಿ ಸೆಲ್ಸಿಯಸ್ ತಲುಪಿದ ಮೇಲೆ 20 ಮಿ.ಮೀ. ಪೈಪಿಗೆ 5 ಸೆಕೆಂಡು, 25ಕ್ಕೆ 7, 32ಕ್ಕೆ 8 ಸೆಕೆಂಡು ಬಿಸಿ. ತೆಗೆದು ನಾಲ್ಕು ಸೆಕೆಂಡಿನೊಳಗೆ ಸೇರಿಸಿ, ತಿರುಗಿಸದೆ ಹಿಡಿಯಿರಿ. 20 ಮತ್ತು 25 ಆರಲು 2 ನಿಮಿಷ, 32ಕ್ಕೆ 4 ನಿಮಿಷ. 20 ಮಿ.ಮೀ. ಪೈಪು ಒಳಗೆ ಹೋಗಬೇಕಾದದ್ದು ಸುಮಾರು 14 ಮಿ.ಮೀ. ಅಷ್ಟೇ. ಅದಕ್ಕಿಂತ ಒತ್ತಿದರೆ ಕರಗಿದ ಪ್ಲಾಸ್ಟಿಕ್ ಒಳಗೆ ಉಂಗುರವಾಗಿ ನಿಂತು ದಾರಿಯನ್ನು ಕಟ್ಟುತ್ತದೆ. ಸೋರಿಕೆ ಇರುವುದಿಲ್ಲ, ಪ್ರೆಷರ್ ಟೆಸ್ಟೂ ಪಾಸಾಗುತ್ತದೆ, ಆದರೆ ಶವರಿಗೆ ನೀರು ಬರುವುದಿಲ್ಲ.

ಬಿಸಿನೀರಿನ ಲೈನು ಬೆಳೆಯುತ್ತದೆ ಎಂಬುದನ್ನು ಮರೆಯುವವರೂ ಇದ್ದಾರೆ. 10 ಮೀಟರಿನ ಲೈನು 40 ಡಿಗ್ರಿ ಬಿಸಿಯಾದರೆ ತಾಮ್ರ ಸುಮಾರು 7 ಮಿ.ಮೀ., ಸಿಪಿವಿಸಿ ಸುಮಾರು 26 ಮಿ.ಮೀ., ಒಳಪದರವಿಲ್ಲದ ಸಾದಾ ಪಿಪಿಆರ್ ಸುಮಾರು 60 ಮಿ.ಮೀ. ಉದ್ದವಾಗುತ್ತದೆ. ಎರಡೂ ತುದಿಯಲ್ಲಿ ಕ್ಲಾಂಪು ಬಿಗಿದಿದ್ದರೆ ಆ ಉದ್ದ ಎಲ್ಬೋ ಮೇಲೆ ಬೀಳುತ್ತದೆ. ರಾತ್ರಿ ‘ಟಕ್ ಟಕ್’ ಸದ್ದು, ಆಮೇಲೆ ಬಿರುಕು. ಕ್ಲಾಂಪಿನೊಳಗೆ ಪೈಪು ಜಾರಬೇಕು, ಉದ್ದ ಲೈನಿನಲ್ಲಿ ಒಂದು ಕಡೆ ಬಳಸು ತಿರುವು ಕೊಡಬೇಕು.

ಹಳೆಯ ಜಿಐ (ಸತುವಿನ ಲೇಪದ ಕಬ್ಬಿಣ) ಪೈಪಿಗೆ ಕೈ ಹಾಕುವ ಮೊದಲೇ ಮಾತಾಡಿ ಇಟ್ಟುಕೊಳ್ಳಿ. ಥ್ರೆಡ್ಡು ಕಡಿದ ಜಾಗದಲ್ಲಿ ಪೈಪಿನ ಗೋಡೆ ಅತಿ ತೆಳು, ತುಕ್ಕು ಮೊದಲು ತಿನ್ನುವುದೂ ಅಲ್ಲೇ. ಒಂದೇ ರೆಂಚಿನಲ್ಲಿ ತಿರುಗಿಸಿದರೆ ಆ ತಿರುವು ಗೋಡೆಯೊಳಗಿನ ಮುಂದಿನ ಜಾಯಿಂಟಿಗೆ ಹೋಗಿ ಅದು ಮುರಿಯುತ್ತದೆ. ಒಂದು ರೆಂಚು ಹಿಡಿಯಲಿಕ್ಕೆ, ಇನ್ನೊಂದು ಬಿಚ್ಚಲಿಕ್ಕೆ. ಇಷ್ಟಾದರೂ ಮುರಿಯಬಹುದು. ಬಿಚ್ಚಿದ ಮೇಲೆ ಹೇಳಿದರೆ ಅದು ನಿಮ್ಮ ತಪ್ಪು, ಮೊದಲೇ ಬರೆದುಕೊಟ್ಟರೆ ಹಳೇ ಪೈಪಿನ ಹಣೆಬರಹ. ಜಿಐ ಲೈನಿಗೆ ತಾಮ್ರ ಜೋಡಿಸುವಾಗ ನೀರು ಹರಿಯುವ ದಿಕ್ಕಿನಲ್ಲಿ ತಾಮ್ರ ಮೊದಲು, ಜಿಐ ಆಮೇಲೆ ಬರಬಾರದು. ತಾಮ್ರದ ಅಂಶ ನೀರಿನಲ್ಲಿ ಹರಿದು ಬಂದು ಸತುವಿನ ಲೇಪವನ್ನು ತಿನ್ನುತ್ತದೆ.

ಸೇಫ್ಟಿ ವಾಲ್ವು ತೊಟ್ಟಿಕ್ಕಿದರೆ

ಹೀಟಿಂಗ್ ಕೆಲಸದಲ್ಲಿ ನಿಮ್ಮನ್ನು ಅತಿ ಹೆಚ್ಚು ಅಲೆಸುವುದು ಇದು. 100 ಲೀಟರ್ ನೀರು 20ರಿಂದ 60 ಡಿಗ್ರಿಗೆ ಬಿಸಿಯಾದರೆ ಸುಮಾರು ಒಂದೂವರೆ ಲೀಟರ್ ಹಿಗ್ಗುತ್ತದೆ. ತಣ್ಣೀರಿನ ಕಡೆ ನಾನ್ ರಿಟರ್ನ್ ವಾಲ್ವು ಇದ್ದರೆ ಆ ನೀರಿಗೆ ಹಿಂದೆ ಹೋಗಲು ದಾರಿಯಿಲ್ಲ, ಸೇಫ್ಟಿ ವಾಲ್ವಿನಿಂದಲೇ ಬರಬೇಕು. ಬಿಸಿಯಾಗುವಾಗ ಮಾತ್ರ ತೊಟ್ಟಿಕ್ಕಿದರೆ ವಾಲ್ವು ತನ್ನ ಕೆಲಸ ಮಾಡುತ್ತಿದೆ. ಗಿರಾಕಿಗೆ ಬೇಡವೆನಿಸಿದರೆ ಹಿಗ್ಗಿದ ನೀರಿಗೆ ಜಾಗ ಕೊಡುವ ಎಕ್ಸ್‌ಪಾನ್ಷನ್ ಟ್ಯಾಂಕು ಹಾಕಿ. ತಣ್ಣಗಿರುವಾಗಲೂ ಸೋರಿದರೆ ಗೇಜು ಕಟ್ಟಿ ಒಳಬರುವ ಒತ್ತಡ ನೋಡಿ, ಜಾಸ್ತಿಯಿದ್ದರೆ ಒತ್ತಡ ತಗ್ಗಿಸುವ ವಾಲ್ವು ಬೇಕು. ಒತ್ತಡ ಸರಿಯಿದ್ದರೆ ಸೀಟಿನಲ್ಲಿ ಕಸ ಕೂತಿದೆ, ಲಿವರ್ ಎರಡು ಮೂರು ಸಲ ಎತ್ತಿ ಬಿಡಿ, ನಿಲ್ಲದಿದ್ದರೆ ಬದಲಿಸಿ. ಅದರ ಬಾಯಿಗೆ ಪ್ಲಗ್ ಹಾಕಿ ‘ಸರಿ ಮಾಡಿದೆ’ ಎನ್ನುವವರ ಕೆಲಸ ನಿಮ್ಮ ಕಣ್ಣಿಗೆ ಬಿದ್ದರೆ ಪ್ಲಗ್ ತೆಗೆಯುವವರೆಗೆ ಗೀಸರ್ ಆನ್ ಮಾಡಬೇಡಿ. ಥರ್ಮೋಸ್ಟ್ಯಾಟೂ ಕೆಟ್ಟ ದಿನ ಗೀಸರಿನ ಆ ಡ್ರಮ್ಮು ಒಡೆಯಬಹುದು.

‘ನೀರು ಬಿಸಿಯಾಗುತ್ತಿಲ್ಲ’ ಎಂದಾಗ ಎಲಿಮೆಂಟನ್ನು ಊಹೆಯಿಂದ ಬದಲಿಸಬೇಡಿ. ಮೇನ್ ಆಫ್ ಮಾಡಿ, ಕರೆಂಟಿಲ್ಲವೆಂದು ಟೆಸ್ಟರಿನಲ್ಲಿ ಖಚಿತ ಮಾಡಿಕೊಂಡು, ತಂತಿ ಬಿಡಿಸಿ ಎಲಿಮೆಂಟಿನ ರೆಸಿಸ್ಟೆನ್ಸ್ ಅಳೆಯಿರಿ. 230 ವೋಲ್ಟಿನ 2 ಕಿಲೋವ್ಯಾಟ್ ಎಲಿಮೆಂಟು ಸುಮಾರು 26 ಓಮ್, 3 ಕಿಲೋವ್ಯಾಟಿನದು ಸುಮಾರು 17.6 ಓಮ್ ತೋರಿಸಬೇಕು. ಓಪನ್ (ಕರೆಂಟಿನ ಹಾದಿ ಕಡಿದಿದೆ) ಎಂದು ತೋರಿಸಿದರೆ ಎಲಿಮೆಂಟು ಹೋಗಿದೆ. ಸರಿ ತೋರಿಸಿದರೆ ಥರ್ಮೋಸ್ಟ್ಯಾಟ್ ಅಥವಾ ಅತಿ ಬಿಸಿಯಾದರೆ ಕರೆಂಟು ಕಡಿಯುವ ಥರ್ಮಲ್ ಕಟೌಟ್ ನೋಡಿ. ಎಲಿಮೆಂಟಿನ ಪಿನ್ನಿಗೂ ಅದರ ಲೋಹದ ಮೈಗೂ ನಡುವೆ ಕರೆಂಟು ದಾಟುವ ಹಾದಿ ಕಂಡರೆ ಬಿಸಿಯಾಗುತ್ತಿದ್ದರೂ ಬದಲಿಸಬೇಕು. 25 ಲೀಟರ್ ನೀರನ್ನು 25ರಿಂದ 60 ಡಿಗ್ರಿಗೆ ತರಲು 2 ಕಿಲೋವ್ಯಾಟಿಗೆ ಸುಮಾರು ಅರ್ಧ ಗಂಟೆ ಬೇಕೇ ಬೇಕು. ಇದನ್ನು ಹೊಸ ಗೀಸರ್ ಕೂರಿಸಿದ ದಿನವೇ ಹೇಳಿಬಿಟ್ಟರೆ ‘ಲೇಟಾಗಿ ಕಾಯುತ್ತೆ’ ಎಂಬ ಕರೆ ಬರುವುದಿಲ್ಲ. ಡ್ರಮ್ಮು ತುಂಬಿ ಬಿಸಿನೀರಿನ ನಲ್ಲಿಯಲ್ಲಿ ಗಾಳಿಯಿಲ್ಲದೆ ಧಾರೆ ಬರುವವರೆಗೆ ಸ್ವಿಚ್ ಮುಟ್ಟಬಾರದು. ನೀರಿಲ್ಲದೆ ಉರಿದ ಎಲಿಮೆಂಟು ನಿಮಿಷಗಳಲ್ಲೇ ಸುಟ್ಟುಹೋಗುತ್ತದೆ.

ಬಾಯ್ಲರ್ ಮತ್ತು ರೇಡಿಯೇಟರ್ ಇರುವ ಮುಚ್ಚಿದ ಸಿಸ್ಟಮ್ಮಿನಲ್ಲಿ ಇದೇ ಹಿಗ್ಗುವಿಕೆ ಬೇರೆ ವೇಷದಲ್ಲಿ ಬರುತ್ತದೆ. ತಣ್ಣಗಿದ್ದಾಗ ಒತ್ತಡ 1ರಿಂದ 1.5 ಬಾರ್ ಇರುತ್ತದೆ, ಸೇಫ್ಟಿ ವಾಲ್ವು ಸಾಮಾನ್ಯವಾಗಿ 3 ಬಾರಿಗೆ ತೆರೆಯುತ್ತದೆ. ಎಕ್ಸ್‌ಪಾನ್ಷನ್ ಟ್ಯಾಂಕಿನ ಗಾಳಿ ಹೋಗಿದ್ದರೆ ಬಿಸಿಯಾದಾಗ ಮುಳ್ಳು 3ಕ್ಕೆ ಏರಿ ನೀರು ಹೊರಗೆ ಹೋಗುತ್ತದೆ, ತಣ್ಣಗಾದಾಗ ಸೊನ್ನೆಗೆ ಇಳಿಯುತ್ತದೆ. ಮನೆಯವರು ದಿನಾ ನೀರು ತುಂಬಿಸುತ್ತಾರೆ, ಹೊಸ ನೀರಿನ ಜೊತೆ ಆಮ್ಲಜನಕ ಬಂದು ರೇಡಿಯೇಟರ್ ಒಳಗೆ ತುಕ್ಕಿನ ಕೆಸರು ಕಟ್ಟುತ್ತದೆ. ಟ್ಯಾಂಕಿನ ಗಾಳಿಯ ವಾಲ್ವಿನ ಪಿನ್ ಒತ್ತಿ ನೋಡಿ. ನೀರು ಬಂದರೆ ಒಳಗಿನ ರಬ್ಬರು ಹರಿದಿದೆ, ಟ್ಯಾಂಕು ಬದಲಿಸಿ. ಏನೂ ಬರದಿದ್ದರೆ ಸಿಸ್ಟಮ್ಮಿನ ನೀರಿನ ಒತ್ತಡವನ್ನು ಮೊದಲು ಸೊನ್ನೆಗೆ ಇಳಿಸಿ, ಆಮೇಲೆ ಗಾಳಿ ತುಂಬಿ. ಒತ್ತಡ ಇರುವಾಗಲೇ ಅಳೆದರೆ ಗೇಜು ತೋರಿಸುವುದು ನೀರಿನ ಒತ್ತಡ, ಗಾಳಿಯದ್ದಲ್ಲ. ರೇಡಿಯೇಟರಿನ ಮೇಲ್ಭಾಗ ತಣ್ಣಗಿದ್ದರೆ ಗಾಳಿ, ಕೆಳಭಾಗ ತಣ್ಣಗಿದ್ದರೆ ಕೆಸರು. ಫೋನಿನಲ್ಲೇ ಕೇಳಿ ತಿಳಿದರೆ ಯಾವ ಸಾಮಾನು ಹೊರಬೇಕೆಂದು ಗೊತ್ತಾಗುತ್ತದೆ.

ಗ್ಯಾಸಿನ ಉಪಕರಣಗಳ ವಿಷಯದಲ್ಲಿ ನಿಮ್ಮಲ್ಲಿ ಪರವಾನಗಿ ಇಲ್ಲದಿದ್ದರೆ ಆ ಕೆಲಸ ಒಪ್ಪಿಕೊಳ್ಳಬೇಡಿ. ಹೊಗೆ ಹೊರಗೆ ಹೋಗದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಕೂರಿಸಲು ಎಷ್ಟು ಒತ್ತಾಯ ಬಂದರೂ ಬೇಡ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.

ಗೋಡೆ ಮುಚ್ಚುವ ಮುನ್ನ, ಮನೆ ಬಿಡುವ ಮುನ್ನ

ಪ್ರೆಷರ್ ಟೆಸ್ಟಿಗೆ ಮೊದಲು ಗೀಸರನ್ನೂ ಸೇಫ್ಟಿ ವಾಲ್ವನ್ನೂ ಲೈನಿನಿಂದ ಬೇರ್ಪಡಿಸಿ. ಅತಿ ಎತ್ತರದ ಪಾಯಿಂಟಿನಿಂದ ಗಾಳಿ ಪೂರ್ತಿ ಬಿಡಿ. ಗೇಜನ್ನು ಕೆಳಗಿನ ಪಾಯಿಂಟಿನಲ್ಲಿ ಕಟ್ಟಿ, ಲೈನು ದಿನವೂ ಹೊರುವ ಒತ್ತಡದ ಒಂದೂವರೆ ಪಟ್ಟು ಏರಿಸಿ. ಪ್ಲಾಸ್ಟಿಕ್ ಪೈಪು ಸ್ವಲ್ಪ ಹಿಗ್ಗುವುದರಿಂದ ಮೊದಲ ಅರ್ಧ ಗಂಟೆ ಮುಳ್ಳು ಇಳಿಯುವುದು ಸಹಜ. ಮತ್ತೆ ಏರಿಸಿ, ಅಲ್ಲಿಂದ ಒಂದು ಗಂಟೆ ನೋಡಿ. ಪೈಪಿನ ಮೇಲೆ ಬಿಸಿಲು ಬೀಳುವ ಹೊತ್ತಿನಲ್ಲಿ ಟೆಸ್ಟ್ ಬೇಡ, ನೀರು ಬಿಸಿಯಾಗಿ ಒತ್ತಡ ಏರಿ ಸಣ್ಣ ಸೋರಿಕೆಯನ್ನು ಮುಚ್ಚಿಹಾಕುತ್ತದೆ. ಗೇಜಿನ ಫೋಟೋ, ಜೊತೆಗೆ ಪ್ರತಿ ಗೋಡೆಯ ಫೋಟೋ ಅಳತೆ ಟೇಪು ಹಿಡಿದು ತೆಗೆಯಿರಿ: ನೆಲದಿಂದ ಎಷ್ಟು, ಮೂಲೆಯಿಂದ ಎಷ್ಟು. ಮುಂದೆ ಬೇರೆ ಯಾರೋ ಡ್ರಿಲ್ ಹೊಡೆದು ಪೈಪು ತೂತು ಮಾಡಿದಾಗ ನಿಮ್ಮ ಮೇಲೆ ಬರುವ ಆಪಾದನೆಗೆ ಈ ಫೋಟೋಗಳೇ ಉತ್ತರ. ಡ್ರೈನ್ ಪೈಪಿಗೆ ಮೀಟರಿಗೆ 12ರಿಂದ 25 ಮಿ.ಮೀ. ಇಳಿಜಾರು ಲೆವೆಲ್ ಇಟ್ಟು ನೋಡಿ, ಕಣ್ಣಂದಾಜು ಬೇಡ.

ಒತ್ತಡದ ಬಗ್ಗೆ ಗಿರಾಕಿಗೆ ಮುಂಚೆಯೇ ಒಂದು ಮಾತು. 10 ಮೀಟರ್ ಎತ್ತರದ ನೀರು ಸುಮಾರು 1 ಬಾರ್. ಶವರಿಗಿಂತ 3 ಮೀಟರ್ ಮೇಲೆ ಟ್ಯಾಂಕಿದ್ದರೆ ಸಿಗುವುದು 0.3 ಬಾರ್ ಮಾತ್ರ. 1 ಬಾರ್ ಬೇಡುವ ದೊಡ್ಡ ಶವರ್ ತಂದಿಟ್ಟರೆ ಪಂಪಿಲ್ಲದೆ ಅದು ನಡೆಯದು. ಕೂರಿಸಿದ ಮೇಲೆ ಇದನ್ನು ವಿವರಿಸಿದರೆ ನೆಪವೆಂದೇ ಕೇಳಿಸುತ್ತದೆ.

ಹೊರಡುವಾಗ ಮುಟ್ಟಿದ ಪ್ರತಿ ಜಾಯಿಂಟಿಗೂ ಒಣ ಟಿಶ್ಯೂ ಕಾಗದ ಒತ್ತಿ ನೋಡಿ. ಕೈಗೆ ಗೊತ್ತಾಗದ ಜಿನುಗು ಕಾಗದದಲ್ಲಿ ಕಾಣುತ್ತದೆ. ನಿಲ್ಲಿಸಿದ್ದ ನೀರನ್ನು ಮತ್ತೆ ಬಿಟ್ಟಾಗ ತುಕ್ಕು, ಮರಳು ಬಂದು ಬೇರೆ ನಲ್ಲಿಗಳ ಜಾಲರಿ ಕಟ್ಟುತ್ತದೆ, ಆದ್ದರಿಂದ ಜಾಲರಿ ಬಿಚ್ಚಿ ಎರಡು ನಿಮಿಷ ಹರಿಸಿ. ಆಮೇಲೆ ಗಿರಾಕಿಯ ಕೈಯಲ್ಲೇ ನಲ್ಲಿ ತಿರುಗಿಸಿ ತೋರಿಸಿ, ಅಲ್ಲೇ ಬಿಲ್ಲು ಕೊಡಿ. ನಾಳೆ ಕಳಿಸಿದ ಬಿಲ್ಲಿಗೆ ಬೆಲೆ ಕಡಿಮೆ. ಸೋರುತ್ತಿದ್ದ ನೀರಿನ ನೆನಪು ಹಸಿಯಾಗಿರುವಾಗ ಚೌಕಾಸಿ ಕಡಿಮೆ.

ಬಿಲ್ಲಿನಲ್ಲಿ ಎರಡು ಸಾಲು ಅಚ್ಚು ಹಾಕಿಸಿಡಿ. ಒಂದು, ನಾವು ಮಾಡಿದ ಜಾಯಿಂಟಿಗೆ ಇಂತಿಷ್ಟು ತಿಂಗಳ ಹೊಣೆ. ಎರಡು, ಗಿರಾಕಿ ತಂದುಕೊಟ್ಟ ಸಾಮಾನು ಕೆಟ್ಟರೆ ಮತ್ತೆ ಬಿಚ್ಚಿ ಹಾಕುವ ಕೂಲಿ ಪ್ರತ್ಯೇಕ. ದೊಡ್ಡ ಕೆಲಸಕ್ಕೆ ಸಾಮಾನಿನ ಪೂರ್ತಿ ಹಣ ಮುಂಗಡ, ಗೋಡೆಯೊಳಗಿನ ಪೈಪಿನ ಟೆಸ್ಟ್ ಆದ ದಿನ ಎರಡನೇ ಕಂತು, ನಲ್ಲಿ ಕೂರಿಸಿದ ದಿನ ಉಳಿದದ್ದು. ಎಸ್ಟಿಮೇಟಿನಲ್ಲಿ ಏನು ಸೇರಿಲ್ಲ ಎಂಬುದನ್ನೂ ಬರೆಯಿರಿ: ಟೈಲ್ಸ್, ಪೇಂಟು, ಹಳೇ ಲೈನಿನಲ್ಲಿ ಹೊಸದಾಗಿ ಕಂಡ ಸೋರಿಕೆ. ಅಂಗಡಿಯ ಬಾಕಿಯನ್ನು ಬೇರೆ ಗಿರಾಕಿಯ ಮುಂಗಡದಿಂದ ತೀರಿಸುತ್ತಿದ್ದರೆ ಇಂದೇ ನಿಲ್ಲಿಸಿ. ನಿಮ್ಮ ತಿಂಗಳ ಕೊನೆಯ ಕಷ್ಟದಲ್ಲಿ ಅದರದ್ದೂ ಪಾಲಿರಬಹುದು.

ರೇಟು ಏರಿಸಬೇಕೆ? ಎರಡು ವಾರದ ನೋಟ್‌ಬುಕ್ಕು ಅದನ್ನು ಹೇಳುತ್ತದೆ. ಬಹುಶಃ ಏರಿಸಬೇಕು, ಆದರೆ ಗಂಟೆಯ ರೇಟಿಗಿಂತ ಮೊದಲು ಕನಿಷ್ಠ ಚಾರ್ಜು ಶುರು ಮಾಡಿ: ಹೋಗಿ ಬರುವುದು ಮತ್ತು ಮೊದಲ ಅರ್ಧ ಗಂಟೆಯ ಕೆಲಸ ಸೇರಿ ಇಷ್ಟು, ಅದನ್ನು ಫೋನಿನಲ್ಲೇ ಹೇಳುವುದು. ಒಪ್ಪದವರು ಆಗಲೇ ಬಿಟ್ಟುಹೋಗುತ್ತಾರೆ, ನಿಮ್ಮ ಪೆಟ್ರೋಲು ಉಳಿಯುತ್ತದೆ. ಹೊಸ ಗಿರಾಕಿಗಳಿಗೆ ಮೊದಲು, ಹಳಬರಿಗೆ ಮುಂದಿನ ವರ್ಷದ ಸರ್ವಿಸ್ ಹೊತ್ತಿಗೆ. ಹೌದು, ವರ್ಷಕ್ಕೊಮ್ಮೆ ಸರ್ವಿಸ್ ಎಂಬ ಪಟ್ಟಿ ನಿಮ್ಮಲ್ಲಿ ಇಲ್ಲದಿದ್ದರೆ ಮಾಡಿಕೊಳ್ಳಿ. ಚಳಿ ಶುರುವಾಗುವ ಎರಡು ತಿಂಗಳ ಮೊದಲು, ಕೂರಿಸಿಕೊಟ್ಟ ಗೀಸರ್ ಮತ್ತು ಬಾಯ್ಲರುಗಳ ಮನೆಗೆಲ್ಲ ಫೋನು. ಗೀಸರಿನ ತಳದ ಸುಣ್ಣ ತೊಳೆಯುವುದು, ಡ್ರಮ್ಮಿನ ಬದಲು ತಾನು ಸವೆಯುವ ಮೆಗ್ನೀಸಿಯಮ್ ರಾಡು ನೋಡಿ ಒಳಗಿನ ತಂತಿ ಕಾಣುವಷ್ಟು ಸವೆದಿದ್ದರೆ ಬದಲಿಸುವುದು, ಸೇಫ್ಟಿ ವಾಲ್ವಿನ ಲಿವರ್ ಎತ್ತಿ ನೋಡುವುದು, ಎಲಿಮೆಂಟಿನ ಓಮ್ ಅಳೆದು ಬರೆದಿಡುವುದು, ಅರ್ಥಿಂಗ್ ಪರೀಕ್ಷಿಸುವುದು. ಗಿರಾಕಿಗಾಗಿ ಕಾಯುವ ವಾರಗಳು ಇದರಿಂದ ತುಂಬುತ್ತವೆ, ಚಳಿಯಲ್ಲಿ ಒಂದೇ ದಿನ ಎಲ್ಲರೂ ಕರೆಯುವುದೂ ತಗ್ಗುತ್ತದೆ.

ಇನ್ನೊಬ್ಬ ಹುಡುಗನ ವಿಚಾರ. ಬಿಲ್ಲಿಗೆ ಸೇರುವ ಗಂಟೆ ನೂರಕ್ಕೆ 60ರ ಆಸುಪಾಸಿನಲ್ಲಿರುವಾಗ ಹೊಸಬನನ್ನು ಸೇರಿಸಿದರೆ ಪೋಲಾಗುವ ಗಂಟೆಯೂ ಅಷ್ಟೇ ಹೆಚ್ಚುತ್ತದೆ, ಅವನ ಸಂಬಳದ ಜೊತೆಗೆ. ಎರಡು ತಿಂಗಳು ಸತತ 75 ದಾಟಿ, ಗಿರಾಕಿಗಳು ವಾರಕ್ಕೂ ಹೆಚ್ಚು ಕಾಯುವಂತಾಗಿ, ಮೂರು ತಿಂಗಳ ಅವನ ಸಂಬಳ ಬ್ಯಾಂಕಿನಲ್ಲಿ ಬೇರೆಯಾಗಿ ಇದ್ದರೆ ಸೇರಿಸಿಕೊಳ್ಳಿ. ಅಲ್ಲಿಯವರೆಗೆ ದಿನಕ್ಕೆ ಮೂರು ಗಂಟೆ ಫೋನು ಎತ್ತಿ, ಮೇಲಿನ ಪ್ರಶ್ನೆಗಳನ್ನು ಕೇಳಿ, ಫೋಟೋ ತರಿಸಿ, ಬಾಕಿ ಬಿಲ್ಲಿಗೆ ನೆನಪು ಮಾಡುವ ಒಬ್ಬರು ಸಿಕ್ಕರೆ ರೆಂಚು ಹಿಡಿಯುವ ಇನ್ನೊಂದು ಕೈಗಿಂತ ಅವರಿಂದಲೇ ನಿಮಗೆ ಹೆಚ್ಚು ಉಪಯೋಗ. ಹುಡುಗರಲ್ಲಿ ಹಿರಿಯನಿಗೆ ಸಣ್ಣ ರಿಪೇರಿಗಳನ್ನು ಒಬ್ಬನೇ ಮುಗಿಸಿ ಬರಲು ಬಿಡಿ, ಟಿಶ್ಯೂ ಪರೀಕ್ಷೆಯ ಮತ್ತು ಬಿಲ್ಲಿನ ಫೋಟೋ ಕಳಿಸಿದ ಮೇಲೆಯೇ ಆ ಮನೆ ಬಿಡಬೇಕೆಂಬ ಕರಾರಿನ ಮೇಲೆ.